ನಮ್ಮ ಇಂಗ್ಲಿಷಿನೊಳಗಿನ ಕನ್ನಡ

ಸಂಚಿಕೆಯ ಸಂಪಾದಕರು ಈ ವರ್ಷ ನನ್ನನ್ನು ಬಿಡಲಿಲ್ಲ. “ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೀರಿ. ಪರೀಕ್ಷೆ ಹತ್ತಿರ ಬಂದಿತು. ನಮ್ಮ ಹುಡುಗರು ಇಂಗ್ಲಿಷಿನ ಮೊದಲ ಪಾಠಗಳನ್ನು ಒಮ್ಮೆ ಮೆಲುಕು ಹಾಕುವಂತೆ ಒಂದು ಲೇಖನ ಬರೆದುಕೊಡಿ, ಕನ್ನಡದಲ್ಲೇ ಬರೆಯಿರಿ, ಆಗಲಾದರೂ ಓದುತ್ತಾರೆ” ಎಂದರು. ಕೊನೆಯ ಮಾತಿನಲ್ಲಿದ್ದ ಚುಚ್ಚು ನನಗೆ ತಿಳಿಯದೆ ಹೋಗಲಿಲ್ಲ. ಆದರೆ ಅವರು ಹೇಳಿದುದು ನಿಜ. ನಾಮಪದ, ಕ್ರಿಯಾಪದ, ಗುಣವಾಚಕಗಳ ಲಕ್ಷಣಗಳನ್ನು ಇಲ್ಲಿ ಮತ್ತೆ ಬರೆದರೆ ಪುಟ ತುಂಬೀತೇ ಹೊರತು ಪ್ರಯೋಜನವಾಗದು. ಅವೆಲ್ಲ ರೆನ್ ಮತ್ತು ಮಾರ್ಟಿನರ ದಪ್ಪ ಪುಸ್ತಕದಲ್ಲಿವೆ. ಆ ಪುಸ್ತಕ ನಮ್ಮ ಪುಸ್ತಕಭಂಡಾರದಲ್ಲಿದೆ. ಅದರ ಮೇಲೆ ಧೂಳೂ ಇದೆ. ನಾನು ಹೇಳಹೊರಟಿರುವುದು ಬೇರೊಂದು ವಿಷಯ.

ಇಪ್ಪತ್ತೆಂಟು ವರ್ಷಗಳಿಂದ ನಾನು ಇಂಗ್ಲಿಷಿನ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೇನೆ. ಮೊದಮೊದಲು ತಪ್ಪು ಕಂಡಲ್ಲೆಲ್ಲ ಕೆಂಪು ಶಾಯಿ ಸುರಿದು, ಮನೆಗೆ ಬಂದು ತಲೆನೋವೆಂದು ಮಲಗುತ್ತಿದ್ದೆ. ಕ್ರಮೇಣ ಒಂದು ಸಂಗತಿ ಗಮನಕ್ಕೆ ಬಂದಿತು. ಮುಳಬಾಗಿಲ ಕಡೆಯ ಹುಡುಗನೂ ಮಾಲೂರ ಕಡೆಯ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿರುತ್ತಾರೆ. ನಕಲು ಎನ್ನೋಣವೆಂದರೆ ಕೊಠಡಿಗಳು ಬೇರೆ, ವರ್ಷಗಳೂ ಬೇರೆ. ಏನೂ ತಿಳಿಯದೆ ಮಾಡಿದ ತಪ್ಪಾಗಿದ್ದರೆ ಹತ್ತು ಜನ ಹತ್ತು ಬಗೆಯಾಗಿ ಮಾಡಬೇಕಾಗಿತ್ತು. ಹತ್ತು ಜನವೂ ಒಂದೇ ಬಗೆಯಾಗಿ ಮಾಡುತ್ತಾರೆಂದರೆ ಅದರ ಹಿಂದೆ ಯಾವುದೋ ಒಂದು ನಿಯಮ ಇರಲೇಬೇಕು. ಆ ನಿಯಮ ನಮ್ಮ ಮನೆಯ ಮಾತಿನದು. ವಿದ್ಯಾರ್ಥಿ ಇಂಗ್ಲಿಷ್ ಪದಗಳನ್ನು ತಂದು ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾನೆ. ಅಚ್ಚಿನಲ್ಲಿ ದೋಷವಿಲ್ಲ; ಅದು ಈ ಎರಕದ್ದಲ್ಲ, ಅಷ್ಟೆ.

ನಮ್ಮ ಸೀಮೆಯ ಮಕ್ಕಳಲ್ಲಿ ಇನ್ನೂ ಒಂದು ವಿಶೇಷವುಂಟು. ಆಂಧ್ರವೂ ತಮಿಳುನಾಡೂ ನಮಗೆ ಕೂಗಳತೆಯಲ್ಲಿವೆ. ಶ್ರೀನಿವಾಸಪುರ, ಮುಳಬಾಗಿಲುಗಳ ಎಷ್ಟೋ ಹಳ್ಳಿಗಳಲ್ಲಿ ಹಟ್ಟಿಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ; ಪೇಟೆಯ ಮೊಹಲ್ಲಾಗಳಲ್ಲಿ ಉರ್ದು; ಮಾಲೂರಿನ ಗಡಿಯಲ್ಲಿ ತಮಿಳೂ ಕೇಳುತ್ತದೆ. ಇಲ್ಲಿಯ ಹುಡುಗ ಇಂಗ್ಲಿಷಿಗೆ ಬರುವ ಹೊತ್ತಿಗೆ ಆಗಲೇ ಎರಡು ಭಾಷೆಗಳನ್ನು ಪಳಗಿಸಿಕೊಂಡಿರುತ್ತಾನೆ. ಅದನ್ನು ಅವನಿಗೆ ಯಾರೂ ಹೇಳುವುದಿಲ್ಲ. “ನಿನಗೆ ಇಂಗ್ಲಿಷ್ ಬಾರದು” ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಅವರು ಎಂ.ಎ. ಮಾಡಿದುದು ಇಂಗ್ಲಿಷಿನಲ್ಲಿ, ಜ್ಞಾನಪೀಠ ಬಂದುದು ಕನ್ನಡದ ಬರಹಕ್ಕೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಿದವರಲ್ಲ. ಆದರೂ 1913ರಲ್ಲಿ ಬೆಂಗಳೂರಿನಿಂದ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಇವರಿಬ್ಬರೂ ನಡೆದಾಡಿದ ಮಣ್ಣಿನ ಮಕ್ಕಳು ಇಂಗ್ಲಿಷಿನ ಗಂಟೆ ಬಂದೊಡನೆ ಹಿಂದಿನ ಬೆಂಚಿಗೆ ಸರಿದುಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಂಕಟಕ್ಕೆ ಕಾರಣವುಂಟು. ನಾನೂ ಆ ಬೆಂಚಿನವನೇ. ಬಿ.ಎ. ಮುಗಿಸಿದ ವರ್ಷ ಬೆಂಗಳೂರಿನ ಒಂದು ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದಿತು. ಅಣ್ಣನ ಅಂಗಿ ತೊಟ್ಟು, ಅಮ್ಮ ಕಟ್ಟಿಕೊಟ್ಟ ಬುತ್ತಿ ಹಿಡಿದು, ಮೊದಲ ಬಸ್ಸಿಗೆ ಹೊರಟೆ. ಮೇಜಿನ ಆಚೆ ಮೂವರು ಕುಳಿತಿದ್ದರು. ನಡುವಿನವರು, “ಹ್ಯಾವ್ ಯೂ ನಾಟ್ ಬ್ರಾಟ್ ಯುವರ್ ಮಾರ್ಕ್ಸ್ ಕಾರ್ಡ್?” ಎಂದು ಕೇಳಿದರು. ತಂದಿರಲಿಲ್ಲ. “ಯೆಸ್, ಸರ್” ಎಂದೆ. ಅವರು ಕೈ ಚಾಚಿದರು. ನಾನು ನಿಂತೇ ಇದ್ದೆ. ಚಾಚಿದ ಕೈ ಚಾಚಿಯೇ ಇತ್ತು. ಬಳಿಕ, “ಯೆಸ್ ಸರ್, ಐ ಹ್ಯಾವ್ ನಾಟ್ ಬ್ರಾಟ್” ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬರು ನಕ್ಕರು. ಆಮೇಲೆ ಕೇಳಿದ ಒಂದು ಪ್ರಶ್ನೆಯೂ ನನ್ನ ಕಿವಿಗೆ ಬೀಳಲಿಲ್ಲ. ಕೆಲಸ ಸಿಕ್ಕಲಿಲ್ಲ. ಇದೊಂದೇ ಕಾರಣವೆಂದು ಹೇಳಲಾರೆ. ಆದರೆ ಸಂಜೆ ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ.

ನಾನು ಆಡಿದುದು ಅಚ್ಚ ಕನ್ನಡ. “ಅಂಕಪಟ್ಟಿ ತಂದಿಲ್ಲವೇ?” ಎಂದರೆ ನಾವು “ಹೌದು, ತಂದಿಲ್ಲ” ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಊಹೆಗೆ ಕೊಡುವ ಒಪ್ಪಿಗೆ: ನೀವು ಅಂದುಕೊಂಡುದು ಸರಿ ಎಂದು. ಇಂಗ್ಲಿಷಿನ ‘ಯೆಸ್’ ಕೇಳಿದವರ ಕಡೆ ನೋಡುವುದೇ ಇಲ್ಲ. ಸಂಗತಿಯ ಕಡೆ ಮಾತ್ರ ನೋಡುತ್ತದೆ. ತಂದಿದ್ದರೆ ‘ಯೆಸ್’, ತಂದಿಲ್ಲದಿದ್ದರೆ ‘ನೋ’. ಪ್ರಶ್ನೆಯನ್ನು ಹೇಗೆ ಕೇಳಿದರೂ ಅಷ್ಟೆ. ಇದನ್ನು ನನಗೆ ಹದಿನೈದು ವರ್ಷ ಓದಿಸಿದವರು ಯಾರೂ ಹೇಳಿರಲಿಲ್ಲ. ಆದುದರಿಂದ ನೀವು ಈ ಲೇಖನದಲ್ಲಿ ಮುಂದೇನನ್ನೂ ಓದದೆ ಪುಟ ಮಗುಚಿದರೂ ಇದೊಂದನ್ನು ನೆನಪಿಡಿ: ‘ಇಲ್ಲವೇ’ ಎಂಬ ಧಾಟಿಯ ಪ್ರಶ್ನೆ ಬಂದಾಗ ಒಂದು ಕ್ಷಣ ತಡೆದು, ಸಂಗತಿ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಬಾಯಿ ತೆರೆಯಿರಿ.

ಇನ್ನು ವಾಕ್ಯದ ಕಟ್ಟಡಕ್ಕೆ ಬರೋಣ. ‘ನಾಯಿ ಹುಡುಗನನ್ನು ಕಚ್ಚಿತು’ ಎನ್ನಿ, ‘ಹುಡುಗನನ್ನು ನಾಯಿ ಕಚ್ಚಿತು’ ಎನ್ನಿ, ಸಿಟ್ಟು ಬಂದಾಗ ‘ಕಚ್ಚಿತು ನೋಡು ಹುಡುಗನನ್ನು ನಾಯಿ’ ಎನ್ನಿ, ಕಚ್ಚಿಸಿಕೊಂಡವನು ಹುಡುಗನೇ. ‘ಅನ್ನು’ ಎಂಬ ಪ್ರತ್ಯಯ ಅವನ ಬೆನ್ನಿಗೆ ಚೀಟಿ ಅಂಟಿಸಿದಂತೆ ಅಂಟಿಕೊಂಡಿದೆ. ಅವನು ವಾಕ್ಯದಲ್ಲಿ ಎಲ್ಲಿ ಹೋಗಿ ಕುಳಿತರೂ ಗುರುತು ಸಿಗುತ್ತದೆ. ಇಂಗ್ಲಿಷಿನ ಹೆಸರುಗಳಿಗೆ ಇಂಥ ಚೀಟಿ ಇಲ್ಲ. ಅಲ್ಲಿ ಕುಳಿತ ಜಾಗವೇ ಗುರುತು. ಮದುವೆಮನೆಯಲ್ಲಿ ಹಸೆಮಣೆಯ ಮೇಲೆ ಕುಳಿತವನೇ ಗಂಡು ಎಂಬ ಹಾಗೆ. ‘ದಿ ಡಾಗ್ ಬಿಟ್ ದಿ ಬಾಯ್’ ಎಂಬುದರಲ್ಲಿ ಎರಡು ಹೆಸರುಗಳ ಜಾಗ ಅದಲುಬದಲು ಮಾಡಿದರೆ ಹುಡುಗ ನಾಯಿಯನ್ನು ಕಚ್ಚಿಬಿಡುತ್ತಾನೆ. ಕರ್ತೃ ಮೊದಲು, ಕ್ರಿಯೆ ನಡುವೆ, ಕರ್ಮ ಕೊನೆಗೆ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಆದುದರಿಂದ ನಮ್ಮಲ್ಲಿ ಯಾವ ಮನೆಯಿಂದ ಬಂದ ಹುಡುಗನಿಗೂ ಈ ಅಭ್ಯಾಸ ಹೊಸದೇ.

ಇಂಗ್ಲಿಷ್ ಹುಟ್ಟಿದಾಗಿನಿಂದ ಹೀಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಹೆಸರುಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದುವು. ಪದಗಳನ್ನು ಹಿಂದೆ ಮುಂದೆ ಇಡುವ ಸ್ವಾತಂತ್ರ್ಯವೂ ಇಂದಿಗಿಂತ ಹೆಚ್ಚಾಗಿತ್ತು. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದು ಉದುರಿಹೋದುವು. ಗುರುತಿಗೆ ಸ್ಥಾನವನ್ನೇ ನೆಚ್ಚಬೇಕಾಯಿತು. ‘ಹಿ’ ಎಂಬುದು ‘ಹಿಮ್’ ಆಗುವುದರಲ್ಲಿ, ‘ರಾಮಾಸ್ ಬುಕ್’ ಎನ್ನುವಾಗಿನ ಆ ‘ಸ್’ನಲ್ಲಿ ಹಳೆಯ ವಿಭಕ್ತಿಗಳ ಚೂರುಗಳು ಇನ್ನೂ ಉಳಿದಿವೆ.

ಕ್ರಿಯಾಪದದ ಕಥೆಯೂ ಇದೇ. ‘ಬಂದೆನು’ ಎಂದರೆ ಸಾಕು, ಬಂದವನು ನಾನೇ ಎಂದು ನಮಗೆ ತಿಳಿಯುತ್ತದೆ. ‘ಬಂದಳು’ ಎಂದರೆ ಬಂದವಳು ಹೆಂಗಸು ಎಂಬುದೂ ತಿಳಿಯುತ್ತದೆ. ಇಂಗ್ಲಿಷಿನ ‘ಕೇಮ್’ ಮೂಗುಬಸವ. ಯಾರು ಬಂದರೆಂದು ಅದನ್ನು ಕೇಳಿ ಪ್ರಯೋಜನವಿಲ್ಲ. ಆದುದರಿಂದ ಕರ್ತೃಪದವನ್ನು ಅಲ್ಲಿ ಬಿಡುವಂತಿಲ್ಲ. ಎಷ್ಟರಮಟ್ಟಿಗೆ ಎಂದರೆ, ಕರ್ತೃವೆಂದು ಹೇಳಲು ಯಾರೂ ಇಲ್ಲದ ಕಡೆಯೂ ಒಂದು ‘ಇಟ್’ ಅನ್ನು ತಂದು ಕೂರಿಸುತ್ತಾರೆ: ‘ಇಟ್ ಈಸ್ ರೈನಿಂಗ್’. ಏನು ಸುರಿಯುತ್ತಿದೆ ಎಂದು ಕೇಳಬೇಡಿ. ಕುರ್ಚಿ ಖಾಲಿ ಇರಬಾರದೆಂದು ಇಟ್ಟ ಬೊಂಬೆ ಅದು. ನಮ್ಮ ಹುಡುಗರು ‘ಈಸ್ ರೈನಿಂಗ್’ ಎಂದು ಬರೆಯುವುದು ಆ ಬೊಂಬೆಯನ್ನು ಕಾಣದೆ.

ಇನ್ನೊಂದು ಕಡೆ ನಾವು ಕ್ರಿಯಾಪದವನ್ನೇ ಬಿಡುತ್ತೇವೆ. ‘ನಮ್ಮ ತಂದೆ ರೈತರು’ ಎಂಬುದು ತುಂಬಿದ ವಾಕ್ಯ. ಅದರಲ್ಲಿ ಕ್ರಿಯಾಪದವೇ ಇಲ್ಲ. ಅದೇ ಅಚ್ಚಿನಲ್ಲಿ ಹೊಯ್ದರೆ ‘ಮೈ ಫಾದರ್ ಫಾರ್ಮರ್’ ಆಗುತ್ತದೆ. ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂದಾಗಬೇಕು. ಉರ್ದು ಮನೆಮಾತಿನ ವಿದ್ಯಾರ್ಥಿಗಳು ಈ ‘ಈಸ್’ ಅನ್ನು ಬಿಡುವುದು ನನ್ನ ಅನುಭವದಲ್ಲಿ ಕಡಮೆ. ಅವರ ಮಾತಿನಲ್ಲಿ ವಾಕ್ಯದ ಕೊನೆಗೆ ‘ಹೈ’ ಎಂಬುದೊಂದಿದೆಯಲ್ಲವೇ! ತೆಲುಗಿನ ಮನೆಯವರೂ ಕನ್ನಡದ ಮನೆಯವರೂ ತಪ್ಪದೆ ಬಿಡುತ್ತಾರೆ.

ತಂದೆಯ ಮಾತು ಬಂದಿತಾದುದರಿಂದ ಇನ್ನೊಂದು ಚಿಕ್ಕ ವಿಷಯ. ‘ಮೈ ಫಾದರ್ ಆರ್ ಕಮಿಂಗ್’ ಎಂದು ಬರೆದ ಹುಡುಗಿಗೆ ಹಿಂದೊಮ್ಮೆ ನಾನು ಅರ್ಧ ಅಂಕ ಕಳೆದಿದ್ದೆ. ಅವಳು ಏಕವಚನ ಬಹುವಚನ ತಿಳಿಯದವಳಲ್ಲ. ‘ತಂದೆ ಬರುತ್ತಾನೆ’ ಎಂದು ಅವಳ ಮನೆಯಲ್ಲಿ ಯಾರಾದರೂ ಅಂದಿದ್ದರೆ ಕೆನ್ನೆಗೆ ಬೀಳುತ್ತಿತ್ತು. ನಮ್ಮಲ್ಲಿ ಗೌರವ ಬಹುವಚನದಲ್ಲಿ ಇದೆ; ಇಂಗ್ಲಿಷಿನಲ್ಲಿ ಅದು ಹಾಗಿಲ್ಲ. ಅಪ್ಪನಾಗಲಿ ಆಳಾಗಲಿ ‘ಹಿ ಈಸ್ ಕಮಿಂಗ್’ ಎಂದೇ ಹೇಳಬೇಕು. ಹಾಗೆ ಹೇಳುವಾಗ ನಾಲಿಗೆ ಸ್ವಲ್ಪ ಅಳುಕುತ್ತದೆ. ಅಳುಕಲಿ, ಅದು ಒಳ್ಳೆಯ ಮನೆಯಲ್ಲಿ ಬೆಳೆದ ಗುರುತು.

‘ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ’ ಎಂದು ನಮಗೆ ಆರೆಂಟು ರೂಪಗಳಿವೆ. ಇಂಗ್ಲಿಷಿನಲ್ಲಿಯೂ ಹಿಂದೆ ಹೆಚ್ಚು ಇದ್ದುವು. ದೊಡ್ಡ ಮನೆತನ ಕರಗಿ ಒಂದು ಬೆಳ್ಳಿ ಲೋಟ ಮಾತ್ರ ಉಳಿದಂತೆ ವರ್ತಮಾನ ಕಾಲದಲ್ಲಿ ಈಗ ಒಂದೇ ಒಂದು ‘ಸ್’ ಉಳಿದಿದೆ: ‘ಐ ಕಮ್, ಯೂ ಕಮ್, ದೇ ಕಮ್’, ಆದರೆ ‘ಹಿ ಕಮ್ಸ್’. ಇರುವುದು ಒಂದೇ ಆದುದರಿಂದ ಅವರು ಅದನ್ನು ಬಹು ಜೋಪಾನ ಮಾಡುತ್ತಾರೆ. ನಾವು ಅದನ್ನು ಕಳೆದರೆ ಅಂಕ ಹೋಗುತ್ತದೆ.

ಕನ್ನಡ ಎಲ್ಲೆಲ್ಲಿಯೂ ಅಡ್ಡಗಾಲು ಹಾಕುತ್ತದೆಂದು ತಿಳಿಯಬೇಡಿ. ‘ಐ ಡಿಡ್ ನಾಟ್ ವೆಂಟ್’ ಎಂಬ ಪ್ರಸಿದ್ಧ ತಪ್ಪನ್ನು ತೆಗೆದುಕೊಳ್ಳಿ. ಇದನ್ನು ತಿದ್ದಿ ತಿದ್ದಿ ಸಾಕಾಗಿ ಒಂದು ದಿನ ತರಗತಿಯಲ್ಲಿ ಕೇಳಿದೆ: “‘ಹೋದೆ’ ಎಂಬುದಕ್ಕೆ ನಿಷೇಧ ಏನಪ್ಪಾ?” “ಹೋಗಲಿಲ್ಲ, ಸಾರ್.” “‘ಹೋದೆಲಿಲ್ಲ’ ಎಂದು ಏಕೆ ಹೇಳುವುದಿಲ್ಲ?” ಎಲ್ಲರೂ ನಕ್ಕರು. ‘ಹೋಗಲಿಲ್ಲ’ ಎನ್ನುವಾಗ ನಾವು ಭೂತಕಾಲದ ರೂಪವನ್ನು ಬಿಟ್ಟು ‘ಹೋಗಲ್’ ಎಂಬ ಬರಿಯ ರೂಪಕ್ಕೆ ‘ಇಲ್ಲ’ ಸೇರಿಸುತ್ತೇವೆ; ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ, ಎಲ್ಲರಿಗೂ ಒಂದೇ. ಇಂಗ್ಲಿಷಿನಲ್ಲಿಯೂ ‘ಡಿಡ್ ನಾಟ್’ ಬಂದ ಮೇಲೆ ‘ಗೋ’ ಎಂಬ ಬರಿಯ ರೂಪವೇ, ಎಲ್ಲರಿಗೂ ಒಂದೇ. ಆ ದಿನದಿಂದ ಆ ತರಗತಿಯಲ್ಲಿ ‘ಡಿಡ್ ನಾಟ್ ವೆಂಟ್’ ಬಹುಮಟ್ಟಿಗೆ ನಿಂತುಹೋಯಿತು. ಯಾರಾದರೂ ಮರೆತು ಬರೆದರೆ ಪಕ್ಕದವನು ‘ಹೋದೆಲಿಲ್ಲ’ ಎಂದು ಪಿಸುಗುಟ್ಟುತ್ತಿದ್ದ.

ಈಗ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ ವಿಭಕ್ತಿಗಳನ್ನು ಬಾಯಿಪಾಠ ಮಾಡಿದಿರಿ: ತೃತೀಯಾ ‘ಇಂದ’, ಪಂಚಮಿ ‘ದೆಸೆಯಿಂದ’. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ನಿಮ್ಮಲ್ಲಿ ಯಾರಾದರೂ ಜೀವನದಲ್ಲಿ ಒಂದು ಬಾರಿಯಾದರೂ ಅಂದದ್ದುಂಟೇ? ‘ಮರದಿಂದ ಬಿತ್ತು’ ಎನ್ನುತ್ತೇವೆ. ಸಂಸ್ಕೃತದಲ್ಲಿ ಬೇರೆಬೇರೆಯಾದ ಎರಡು ವಿಭಕ್ತಿಗಳ ಕೆಲಸವನ್ನು ಕನ್ನಡದಲ್ಲಿ ‘ಇಂದ’ ಒಂದೇ ಮಾಡುತ್ತದೆ. ಅದನ್ನು ಬೇರ್ಪಡಿಸಿ ತೋರಿಸುವುದಕ್ಕಾಗಿ ಪಾಠಪುಸ್ತಕದಲ್ಲಿ ‘ದೆಸೆ’ ಬಂದು ಕುಳಿತಿದೆ. ಈ ‘ಇಂದ’ ಎಂಬುದು ನಮ್ಮ ಮನೆಯ ಕುಡಗೋಲು; ಹುಲ್ಲಿಗೂ ಅದೇ, ಕಾಯಿಗೂ ಅದೇ, ಹಗ್ಗಕ್ಕೂ ಅದೇ. ಇಂಗ್ಲಿಷಿನವರು ಪ್ರತಿ ಕೆಲಸಕ್ಕೂ ಬೇರೆ ಆಯುಧ ಇಟ್ಟಿದ್ದಾರೆ. ಕೋಲಾರದಿಂದ ಬಂದರೆ ‘ಫ್ರಮ್’. ಕೊಡಲಿಯಿಂದ ಕಡಿದರೆ ‘ವಿತ್’. ಮಾಸ್ತಿಯವರಿಂದ ರಚಿತವಾದರೆ ‘ಬೈ’. ಆಲಿಕಲ್ಲು ಮಳೆಯಿಂದ ಮಾವಿನ ಹೂ ಉದುರಿದರೆ ‘ಬಿಕಾಸ್ ಆಫ್’. ಸೋಮವಾರದಿಂದ ಜ್ವರವಿದ್ದರೆ ‘ಸಿನ್ಸ್’. ಮೂರು ದಿನದಿಂದ ಜ್ವರವಿದ್ದರೆ ‘ಫಾರ್’. ಒಂದು ಪ್ರತ್ಯಯಕ್ಕೆ ಆರು ಮಾತು! ಆರರಲ್ಲಿ ಒಂದನ್ನು ಆರಿಸುವಾಗ ಕೈ ತಪ್ಪುವುದು ಆಶ್ಚರ್ಯವಲ್ಲ.

ಅದರಲ್ಲಿಯೂ ಕೊನೆಯ ಎರಡು ನಮಗೆ ಬಹಳ ದುಬಾರಿಯಾಗಿವೆ. ‘ಎರಡು ವರ್ಷದಿಂದ ಕೋಲಾರದಲ್ಲಿ ಓದುತ್ತಿದ್ದೇನೆ’ ಎಂಬುದನ್ನು ನೂರಕ್ಕೆ ತೊಂಬತ್ತು ಮಂದಿ ‘ಐ ಆಮ್ ಸ್ಟಡಿಯಿಂಗ್ ಇನ್ ಕೋಲಾರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆಯುತ್ತಾರೆ. (ತೊಂಬತ್ತು ಎಂಬುದು ಲೆಕ್ಕ ಹಾಕಿ ಹೇಳಿದುದಲ್ಲ, ಬೇಸರದಿಂದ ಹೇಳಿದುದು.) ಇದರಲ್ಲಿ ಎರಡು ತೊಡಕುಗಳಿವೆ. ಕ್ಯಾಲೆಂಡರಿನಲ್ಲಾಗಲಿ ಗಡಿಯಾರದಲ್ಲಾಗಲಿ ‘ಇಲ್ಲಿಂದ’ ಎಂದು ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’: ಸೋಮವಾರ, ಯುಗಾದಿ, 2023, ಬೆಳಿಗ್ಗೆ ಆರು ಗಂಟೆ. ಬೆರಳು ಮಡಿಸಿ ಎಣಿಸಬೇಕಾದರೆ ‘ಫಾರ್’: ಎರಡು ವರ್ಷ, ಮೂರು ದಿನ, ಅರ್ಧ ಗಂಟೆ. ಇದು ಮೊದಲನೆಯ ತೊಡಕು. ಎರಡನೆಯದು, ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ‘ಓದುತ್ತಿದ್ದೇನೆ’ ಎಂಬ ವರ್ತಮಾನವೇ ಸಾಕು. ಇಂಗ್ಲಿಷಿನಲ್ಲಿ ಹಿಂದಿನ ಆರಂಭವನ್ನೂ ಕ್ರಿಯಾಪದದೊಳಗೇ ಹೊರಿಸಬೇಕು: ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಇನ್ ಕೋಲಾರ್ ಫಾರ್ ಟೂ ಇಯರ್ಸ್’. ಸಂದರ್ಶನದಲ್ಲಿ ‘ಎಷ್ಟು ಕಾಲದಿಂದ’ ಎಂಬ ಪ್ರಶ್ನೆ ಬಾರದೆ ಇರುವುದು ಅಪರೂಪ. ಊರು, ವ್ಯಾಸಂಗ, ಕಂಪ್ಯೂಟರ್ ಕಲಿಕೆ, ಯಾವುದನ್ನು ಕುರಿತೂ ಕೇಳಬಹುದು. ಆದುದರಿಂದ ಈ ಒಂದು ವಾಕ್ಯವನ್ನು ಹಲ್ಲುಜ್ಜುವಾಗಲೂ ಹೇಳಿಕೊಳ್ಳಿ.

‘ಅಲ್ಲಿ’ ಎಂಬುದರ ಕಥೆಯೂ ಇಂಥದೇ. ಮಾಲೂರಿನಲ್ಲಿ ಮನೆಯಿದ್ದರೆ ‘ಇನ್’, ರೈಲು ನಿಲ್ದಾಣದಲ್ಲಿ ಕಾದರೆ ‘ಅಟ್’, ಗೋಡೆಯಲ್ಲಿ ಹಲ್ಲಿಯಿದ್ದರೆ ‘ಆನ್’, ರೈಲಿನಲ್ಲಿ ಬಂದರೆ ‘ಬೈ’. ಇದಕ್ಕೆ ವಿರುದ್ಧವಾಗಿ, ಅವರಿಗೆ ಏನೂ ಬೇಡದ ಕಡೆ ನಾವೊಂದು ಸೇರಿಸುವುದೂ ಉಂಟು. ‘ಅದರ ಬಗ್ಗೆ ಚರ್ಚಿಸಿದೆವು’ ಎಂದು ಹೇಳಿ ಅಭ್ಯಾಸವಾದುದರಿಂದ ‘ಡಿಸ್ಕಸ್ಡ್ ಅಬೌಟ್’ ಎನ್ನುತ್ತೇವೆ, ‘ಅಬೌಟ್’ ಬೇಕಿಲ್ಲ. ‘ಅವನ ಜೊತೆ ಮದುವೆಯಾದಳು’ ಎಂಬುದರಿಂದ ‘ಮ್ಯಾರೀಡ್ ವಿತ್ ಹಿಮ್’ ಬರುತ್ತದೆ, ‘ವಿತ್’ ಬೇಕಿಲ್ಲ.

‘ಎ’ ಮತ್ತು ‘ದಿ’ಗಳ ವಿಷಯ. ಇವು ಕನ್ನಡದಲ್ಲಿ ಇಲ್ಲವೇ ಇಲ್ಲವೆಂದು ಹೇಳಿ ನಮ್ಮ ಮೇಷ್ಟರುಗಳು ಹುಡುಗರನ್ನು ಮೊದಲೇ ಹೆದರಿಸುತ್ತಾರೆ. ಅಜ್ಜಿ ಹೇಳಿದ ಕಥೆಯನ್ನು ನೆನೆಯಿರಿ: ‘ಒಂದೂರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.’ ಮೊದಲ ಬಾರಿ ರಂಗಕ್ಕೆ ಬಂದಾಗ ‘ಒಬ್ಬ’. ಕೇಳುವವರಿಗೆ ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ‘ಎ ಕಿಂಗ್’, ‘ದಿ ಕಿಂಗ್’ ಕೂಡ ಹೀಗೆಯೇ ಬರುತ್ತವೆ. ನಾವು ಬೇಕಾದಾಗ ಮಾತ್ರ ಹೇಳುತ್ತೇವೆ, ಅವರು ಬಿಡದೆ ಹೇಳುತ್ತಾರೆ. ಇನ್ನೂ ಸೂಕ್ಷ್ಮವಾದದ್ದು ಬೇಕೇ? ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ಕೊಂಡೆ’ ಎಂದರೆ ನೀವೂ ನಾನೂ ಆಗಲೇ ಮಾತನಾಡಿದ ಪುಸ್ತಕವೆಂಬ ಧ್ವನಿ ಬಹುಮಟ್ಟಿಗೆ ಬಂದುಬಿಡುತ್ತದೆ. ಮೊದಲನೆಯದು ‘ಎ ಬುಕ್’, ಎರಡನೆಯದು ‘ದಿ ಬುಕ್’. ಜಡವಸ್ತುಗಳಲ್ಲಿ ಈ ಭೇದವನ್ನು ನೀವು ಮೂರನೆಯ ವಯಸ್ಸಿನಿಂದ ಯಾರೂ ಹೇಳಿಕೊಡದೆ ಪಾಲಿಸುತ್ತಿದ್ದೀರಿ. ‘ಎ’ ಬರಬೇಕೋ ‘ಆನ್’ ಬರಬೇಕೋ ಎಂಬುದಕ್ಕೆ ಕಣ್ಣನ್ನಲ್ಲ, ಕಿವಿಯನ್ನು ಕೇಳಿ: ‘ಅವರ್’ ಎಂದು ಸ್ವರದಿಂದ ಆರಂಭವಾಗುವುದರಿಂದ ‘ಆನ್ ಅವರ್’, ‘ಯೂನಿವರ್ಸಿಟಿ’ ಎಂದು ಯಕಾರದಿಂದ ಆರಂಭವಾಗುವುದರಿಂದ ‘ಎ ಯೂನಿವರ್ಸಿಟಿ’. ಕಾಗದದ ಮೇಲಿನ ಅಕ್ಷರಗಳು ಇಲ್ಲಿ ಬರಿಯ ಮೋಸಗಾರರು.

ಅಕ್ಷರಗಳ ಮೋಸಕ್ಕೂ ಕಾರಣವಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯ ಸ್ಥಾಪಿಸಿದಾಗಿನಿಂದ ಬರಹ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದಿತು. ಅದೇ ಶತಮಾನಗಳಲ್ಲಿ ಜನರ ಉಚ್ಚಾರಣೆ ಬದಲಾಗುತ್ತ ನಡೆಯಿತು. ‘ನೈಫ್’ ಎಂಬುದರ ಮೊದಲಲ್ಲಿರುವ ಕಕಾರವನ್ನು ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು. ಮಾತು ಮುಂದೆ ಹೋಯಿತು, ಬರಹ ಅಲ್ಲೇ ಉಳಿಯಿತು. ನಾವೇನು ಕಡಮೆ? ‘ಬಂದಿತು’ ಎಂದು ಬರೆದು ‘ಬಂತು’ ಎನ್ನುತ್ತೇವೆ. ಉಚ್ಚಾರಣೆಯಲ್ಲಿ ನಮ್ಮ ಕಡೆಯ ಮುದ್ರೆ ಎರಡು. ಕನ್ನಡ, ತೆಲುಗುಗಳ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಬಸ್ ‘ಬಸ್ಸು’ ಆಗುತ್ತದೆ, ಕಾರ್ ‘ಕಾರು’ ಆಗುತ್ತದೆ. ‘ಎಂಟು’ ಎಂಬುದನ್ನು ‘ಯೆಂಟು’ ಎಂದೂ ‘ಒಂದು’ ಎಂಬುದನ್ನು ‘ವೊಂದು’ ಎಂದೂ ನುಡಿಯು­ವುದರಿಂದ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ಅದನ್ನು ತಿದ್ದಿಕೊಳ್ಳುವುದು ಒಳ್ಳೆಯದು. ತಿದ್ದದೆ ಉಳಿದರೆ ಪ್ರಳಯವೇನೂ ಆಗದು. ನಮ್ಮ ಮಾವಿನ ಹಣ್ಣಿನ ಹೆಸರನ್ನು ಪೋರ್ಚುಗೀಸರು ದಕ್ಷಿಣದ ಭಾಷೆಯಿಂದ ಕೊಂಡೊಯ್ದು, ಅವರಿಂದ ಇಂಗ್ಲಿಷಿನವರು ಪಡೆದು ‘ಮ್ಯಾಂಗೋ’ ಮಾಡಿಕೊಂಡರು. ಶ್ರೀನಿವಾಸಪುರದವರು ಆ ಉಚ್ಚಾರಣೆಗಾಗಿ ಅವರ ಅಂಕ ಕಳೆದಿಲ್ಲ.

ಕಾಲಗಳ ವಿಷಯದಲ್ಲಿ ಒಂದೇ ಮಾತು ಹೇಳಿ ಬಿಡುತ್ತೇನೆ. ‘ನಿನ್ನೆಯೇ ಶುಲ್ಕ ಕಟ್ಟಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ‘ಐ ಹ್ಯಾವ್ ಪೇಯ್ಡ್ ದಿ ಫೀಸ್ ಎಸ್ಟರ್‌ಡೇ’ ಎಂಬುದು ಒಳ್ಳೆಯ ಇಂಗ್ಲಿಷಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದೊಡನೆ ‘ಹ್ಯಾವ್’ ಎದ್ದು ಹೋಗಬೇಕು: ‘ಐ ಪೇಯ್ಡ್ ದಿ ಫೀಸ್ ಎಸ್ಟರ್‌ಡೇ’.

ದೊಡ್ಡ ವಾಕ್ಯಗಳನ್ನು ಭಾಷಾಂತರ ಮಾಡುವಾಗ ಬಾಲದಿಂದ ಹಿಡಿಯಿರಿ. ‘ನಿನ್ನೆ ಸಂತೆಯಲ್ಲಿ ನಮ್ಮ ಮಾವ ಕೊಂಡ ಹಸು’ ಎಂಬುದರಲ್ಲಿ ಹಸು ಎಲ್ಲರ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಹಸುವೇ ಮುಂದೆ, ನಿನ್ನೆ ಎಲ್ಲಕ್ಕೂ ಹಿಂದೆ: ‘ದಿ ಕೌ ದಟ್ ಮೈ ಅಂಕಲ್ ಬಾಟ್ ಅಟ್ ದಿ ಫೇರ್ ಎಸ್ಟರ್‌ಡೇ’. ಕನ್ನಡಿಯಲ್ಲಿ ನೋಡಿದ ಹಾಗೆ.

ಹೀಗೆ ಎರಡು ಭಾಷೆಗಳನ್ನು ಎದುರುಬದುರು ಕೂರಿಸಿ ಕಲಿಯುವುದು ನಾನು ಕಂಡುಹಿಡಿದ ಮಾರ್ಗವಲ್ಲ. ವಿಲಿಯಂ ಕೇರಿ 1817ರಲ್ಲಿ ಸೇರಾಂಪುರದಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಮಾಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರು ಜರ್ಮನರು. ಇಂಗ್ಲಿಷೂ ಅವರಿಗೆ ಹೊರಗಿನ ಭಾಷೆಯೇ, ನಿಮಗಿರುವಂತೆ. ಅವರು ತಮ್ಮ ಮಾತಿನ ಪಕ್ಕದಲ್ಲಿ ನಮ್ಮ ಮಾತನ್ನಿಟ್ಟು ಕಲಿತರು. ನಾವು ನಮ್ಮ ಮಾತಿನ ಪಕ್ಕದಲ್ಲಿ ಅವರ ಮಾತನ್ನಿಡಬೇಕು. ಒಂದು ಇನ್ನೂರು ಪುಟದ ನೋಟ್ ಪುಸ್ತಕ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಮೇಷ್ಟರು ಕೆಂಪು ಶಾಯಿ ಹಾಕಿದ ವಾಕ್ಯವನ್ನು ಸರಿಮಾಡಿ ಬಲಗಡೆ ಬರೆಯಿರಿ. ಅದೇ ಮಾತನ್ನು ನಿಮ್ಮ ಅಮ್ಮ ಹೇಗೆ ಹೇಳುತ್ತಾಳೋ ಹಾಗೆ ಎಡಗಡೆ ಬರೆಯಿರಿ. ಅಮ್ಮನದು ತೆಲುಗಾದರೆ ಕನ್ನಡ ಅಕ್ಷರದಲ್ಲಿ ತೆಲುಗನ್ನೇ ಬರೆಯಿರಿ, ಅಡ್ಡಿಯಿಲ್ಲ. ದಿನಕ್ಕೆ ಐದು ವಾಕ್ಯ ಸಾಕು. ತಪ್ಪು ಎಲ್ಲಿ ಹುಟ್ಟಿತೆಂಬುದು ಗೆರೆಯ ಮೇಲೆಯೇ ಕಾಣುತ್ತದೆ.

ಕಳೆದ ಆಷಾಢದಲ್ಲಿ ಈ ಪಾಠಗಳನ್ನೇ ಎರಡನೆಯ ವರ್ಷದವರಿಗೆ ಹೇಳುತ್ತಿದ್ದೆ. ಶ್ರೀನಿವಾಸಪುರದ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವ ಒಬ್ಬಳು ಹುಡುಗಿ, ವರ್ಷವೆಲ್ಲ ಬಾಯಿ ತೆರೆಯದವಳು, ಎದ್ದು ನಿಂತು, “ಸಾರ್, ರಾಧಾಕೃಷ್ಣನ್ ನಮ್ಮ ದೇಶದ ಎಷ್ಟನೆಯ ರಾಷ್ಟ್ರಪತಿ ಅಂತ ಇಂಗ್ಲಿಷಿನಲ್ಲಿ ಹೇಗೆ ಕೇಳೋದು?” ಎಂದಳು. ನಾನು ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದೆ. ತಿರುಗಿದವನು ಹಾಗೆಯೇ ನಿಂತೆ. ‘ಎರಡನೆಯ’ ಎಂಬ ಉತ್ತರಕ್ಕೆ ‘ಸೆಕೆಂಡ್’ ಇದೆ. ‘ಎಷ್ಟನೆಯ’ ಎಂಬ ಪ್ರಶ್ನೆಗೆ ಅವರಲ್ಲಿ ಚಾಲ್ತಿಯಲ್ಲಿರುವ ಪದವೇ ಇಲ್ಲ. ಹಿಂದಿನ ಬೆಂಚಿನಿಂದ ಒಬ್ಬ “ಹೌ ಮೆನಿಯತ್?” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

“ಅವರಲ್ಲಿ ಆ ಮಾತಿಲ್ಲಮ್ಮ. ಎಷ್ಟು ಜನರ ನಂತರ ರಾಷ್ಟ್ರಪತಿಯಾದರು ಎಂದೋ, ಸಾಲಿನಲ್ಲಿ ಅವರ ಸ್ಥಾನ ಯಾವುದು ಎಂದೋ ಸುತ್ತಿ ಬಳಸಿ ಕೇಳುತ್ತಾರೆ” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗಾದರೆ ಅವರು ಕನ್ನಡ ಕಲಿಯೋಕೆ ಬಂದರೆ ಇಲ್ಲಿ ತಪ್ಪು ಮಾಡ್ತಾರಾ, ಸಾರ್?”

“ಮಾಡುತ್ತಾರೆ” ಎಂದೆ.

ಅವಳು ಕುಳಿತು, ನೋಟ್ ಪುಸ್ತಕದ ಎಡಗಡೆಯಲ್ಲಿ ‘ಎಷ್ಟನೆಯ’ ಎಂದು ಬರೆದು, ಬಲಗಡೆಯನ್ನು ಖಾಲಿ ಬಿಟ್ಟಳು.